ಒಂದೇ ಧಾಟಿಯ ಎರಡು ಪದ

ಕಿತ್ತಳೆಯ ಸಿಪ್ಪೆ ಎಲ್ಲೂ ಕಡಿಯದೆ ಅತ್ತೆಯ ಹೆಬ್ಬೆರಳ ಕೆಳಗಿಂದ ಜಾರಿ ಜಾರಿ ಮೇಜಿನ ಮೇಲೆ ಸುತ್ತಿಕೊಳ್ಳುತ್ತಿದೆ, ಮೊದಲ ತೊಳೆ ಯಾರಿಗೆ ಹೋಗುತ್ತದೆಂದು ನನಗೆ ಗೊತ್ತು, ಹೋಯಿತು, ಜಸಿಂತಳಿಗೇ — ತಗೋ ಮಗಳೇ, ಮೆಟ್ಟಿಲು ಹತ್ತಿ ಬಂದಿದೀಯ, ಗಂಟಲು ಒಣಗಿರುತ್ತೆ — ಮಗಳೇ ಅಂತೆ, ಎದುರುಮನೆಯ ಬಾಡಿಗೆ ಕೋಣೆಯವಳು ಮಗಳು, ಸ್ವಂತ ಅಣ್ಣನ ಮಗಳು ನಾನು ಬರೀ ಒತೀಲಿಯ, ಒತೀಲಿಯ ಪೆನ್ಸಿಲ್ ತಗೋ, ಒತೀಲಿಯ ಕಿಟಕಿ ಹಾಕು, ಒತೀಲಿಯ ಆ ಶಾಲಿನ ಗೊಂಡೆ ಬಾಚು, ಇಡೀ ಲಿಸ್ಬನ್ ಫಿರ್ಮಿನ ಫಿರ್ಮಿನ ಎಂದು ಎದ್ದು ನಿಲ್ಲುವುದು ನಾನು ಎಳೆ ಎಳೆಯಾಗಿ ಬಾಚಿದ, ಅತ್ತೆ ಹೊದ್ದು ಹಾಡುವ ಆ ಕಪ್ಪು ಶಾಲಿನ ಮುಂದೆ, ಶನಿವಾರ ಟಿವಿಯಲ್ಲಿ ದೇಶಕ್ಕೆ ದೇಶವೇ ಅದನ್ನು ನೋಡುತ್ತದೆ, ಆದರೆ ಕೇಳುವುದು ಯಾರು ಬರೆದ ಪದವನ್ನು, ಅದೊಂದು ಈಗ ಈ ಅಡುಗೆಮನೆಯಲ್ಲಿ ತೀರ್ಮಾನವಾಗಬೇಕು. ಹಾಡಿನ ಪಟ್ಟಿ ನನ್ನ ಮುಂದಿದೆ, ಸಂಜೆ ಟಿವಿಯವರು ಬಂದು ಒಯ್ಯುತ್ತಾರೆ, ನಡುವೆ ಒಂದೇ ಒಂದು ಸಾಲು ಖಾಲಿ, ಅಲ್ಲಿ ಯಾವ ಧಾಟಿ ಎಂದು ಗೊತ್ತಾಗಿದೆ, ಯಾವ ಪದ ಎಂದು ಗೊತ್ತಾಗಿಲ್ಲ — ನಮ್ಮ ಫಾದು ಹಾಡಿಕೆ ಹಾಗೆ, ಧಾಟಿ ಹಳೆಯದು, ಯಾರ ಸೊತ್ತೂ ಅಲ್ಲ, ಯಾರು ಬೇಕಾದರೂ ಹೊಸ ಪದ ಕಟ್ಟಿ ಅದಕ್ಕೆ ತೊಡಿಸಬಹುದು, ಆದರೆ ಒಂದು ಸಂಜೆಗೆ ಒಂದು ಧಾಟಿ ಒಂದೇ ಸಲ, ಅಷ್ಟೊಂದು ಧಾಟಿಗಳಿರುವಾಗ ಜಸಿಂತ ನಾನು ಪದ ಕಟ್ಟಿದ ಧಾಟಿಗೇ ಬರೆಯಬೇಕೇ. ನಿನ್ನದು ಓದಿದ ಮೇಲೆ ಅದು ತಲೆಯಿಂದ ಹೋಗಲೇ ಇಲ್ಲ ಕಣೇ, ಬರೆದುಬಿಟ್ಟೆ, ಅಂದಳು, ಬರೆದುಬಿಟ್ಟಳಂತೆ, ನಾನು ಒಂದು ಚಳಿಗಾಲವಿಡೀ ಹೊದಿಕೆಯೊಳಗೆ ಬೆರಳು ಮಡಚಿ ಅಕ್ಷರ ಎಣಿಸಿದ್ದನ್ನು ಅವಳು ಬಟ್ಟೆ ಒಣಗುವಷ್ಟರಲ್ಲಿ ಬರೆದುಬಿಟ್ಟಳು. ನನ್ನದು ನನ್ನದೆಂದು ಅತ್ತೆಗೆ ಗೊತ್ತಿಲ್ಲ, ಪೋರ್ತೊದಿಂದ ಯಾರೋ ಅಂಚೆಯಲ್ಲಿ ಕಳಿಸಿದ್ದಾರೆ ಎಂದು ಕೊಟ್ಟೆ, ಹೆಸರು ಬರೆಯಲು ಕೈ ಬರಲಿಲ್ಲ, ಗೊತ್ತಿರುವವಳು ಜಸಿಂತ ಒಬ್ಬಳೇ, ಅವತ್ತು ಓದಿ ಮುಗಿಸಿ ಲೊಚಕ್ಕನೆ ನನ್ನ ಕೆನ್ನೆಗೆ ಮುತ್ತಿಟ್ಟಿದ್ದಳು, ಅಷ್ಟು ಸಲೀಸಾಗಿ ಮುತ್ತಿಡಲು ಬರುತ್ತದಲ್ಲ ಅವಳಿಗೆ, ಅದಕ್ಕೂ ನನ್ನ ಹೊಟ್ಟೆ ಉರಿದಿತ್ತು. ಎರಡೂ ಹಾಡಿಬಿಡು ಫಿರ್ಮಿನ ಎಂದು ಜಸಿಂತ ಅಂದಿದ್ದರೆ ನಡೆಯುತ್ತಿತ್ತೋ ಏನೋ, ಆದರೆ ಅಂದವನು ಗಿಟಾರು ನುಡಿಸುವ ಅಬೀಲಿಯೊ, ಬೆರಳಿಗೆ ತಂತಿ ಮೀಟುವ ನಕಲಿ ಉಗುರು ಅಂಟಿಸಿಕೊಳ್ಳುತ್ತ, ಅಂದು ತಾನೇ ತಲೆಯಾಡಿಸಿದ — ಬೇಡ ಬೇಡ, ಅದೇ ಧಾಟಿ ಎರಡು ಸಲ ನುಡಿಸಿದ್ರೆ ಜನ ಏನಂತಾರೆ, ಅಬೀಲಿಯೊಗೆ ಅರಳುಮರಳು, ನುಡಿಸಿದ್ದೇ ಮರೆತ ಅಂತಾರೆ — ಮರೀದೆ ಇನ್ನೇನು, ಹೋದ ವಾರ ಇಲ್ಲಿಗೆ ಅಂತ ಹೊರಟು ಕ್ಷೌರದಂಗಡೀಲಿ ಕೂತಿದ್ದೆಯಲ್ಲ, ಎಂದು ಅತ್ತೆ — ಕೂತಿದ್ದಕ್ಕೆ ಈ ರೂಪ ಬಂತು ನೋಡು — ಜಸಿಂತ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಾಳೆ, ನಗುವಾಗ ಕಿತ್ತಳೆಯ ರಸ ಅವಳ ಗಲ್ಲದ ಮೇಲೆ, ಒರೆಸಿಕೊಳ್ಳುವುದೂ ಇಲ್ಲ, ಅದೂ ಚೆಂದ.

ಮೊದಲು ನನ್ನದು. ಅತ್ತೆ ಕನ್ನಡಕ ಏರಿಸಿ ಕಾಗದ ದೂರ ಹಿಡಿದು ಹಾಡುತ್ತಾಳೆ, ತೇಜು ನದಿ, ಆಚೆ ದಡ, ಬಿಟ್ಟುಹೋದ ದೋಣಿ, ಎಲ್ಲ ಇದೆ, ಎಲ್ಲವೂ ಅದರದರ ಜಾಗದಲ್ಲಿ ಇದೆ, ನಾಲ್ಕನೆಯ ಸಾಲಿನಲ್ಲಿ ಉಸಿರು ಸಾಲದೆ ಕೆಮ್ಮುತ್ತಾಳೆ — ಈ ಪೋರ್ತೊದವನು ಬ್ಯಾಂಕಿನ ಗುಮಾಸ್ತ ಇರಬೇಕು ಕಣೋ ಅಬೀಲಿಯೊ, ಒಂದಕ್ಷರ ಬಿಟ್ಟುಕೊಡಲ್ಲ — ನಾನು ಪೆನ್ಸಿಲಿನ ತುದಿ ಕಚ್ಚುತ್ತೇನೆ, ಮರದ ರುಚಿ, ಜಸಿಂತ ನನ್ನ ಕಡೆ ನೋಡುವುದಿಲ್ಲ, ನೋಡದಿರುವ ಜಾಣತನವೂ ಅವಳಿಗಿದೆ. ಆಮೇಲೆ ಅವಳದು. ತಂತಿಯ ಮೇಲಿನ ಅಂಗಿ, ಅವಳ ಮನೆಯೊಡತಿ ಪಿಯೆದಾದೆಯದು, ಅಂದರೆ ಪಿಯೆದಾದೆಯ ಸತ್ತ ಗಂಡನದು, ವಾರ ವಾರ ಒಗೆದು ಒಣಹಾಕುತ್ತಾಳೆ ಮುದುಕಿ, ಒಂದು ಕ್ಲಿಪ್ಪು ಬಿದ್ದಿದೆ, ಗಾಳಿಗೆ ಒಂದು ತೋಳು ಮಾತ್ರ ಮೇಲೇಳುತ್ತದೆ, ಬೀದಿಯ ಆಚೆಯಿಂದ ಯಾರನ್ನೋ ಕರೆದ ಹಾಗೆ — ಅತ್ತೆ ಕಾಗದ ಕೆಳಗಿಟ್ಟಳು, ಕಣ್ಣು ಮುಚ್ಚಿದಳು, ಅಬೀಲಿಯೊ ನುಡಿಸುವುದನ್ನೇ ನಿಧಾನ ಮಾಡಿದ — ಆದರೆ ಆ ಅಂಗಿ ನನ್ನ ಕಿಟಕಿಗೇ ಅಲ್ಲವೇ ಎದುರು ಇರುವುದು, ವಾರ ವಾರವೂ ನೋಡಿದ್ದೇನೆ, ಡೈರಿಯಲ್ಲಿ ಬರೆದೂ ಇದ್ದೇನೆ, ಏನೆಂದು, ಇವತ್ತು ಬಿಸಿಲು, ಎದುರುಮನೆಯವರು ಬಟ್ಟೆ ಹಾಕಿದ್ದಾರೆ, ಅಷ್ಟೆ, ಬಟ್ಟೆ, ನನಗೆ ಬಟ್ಟೆ ಕಂಡಿತು, ಅವಳ ಕಡೆಯಿಂದ ಕಾಣುವುದು ಅಂಗಿಯ ಬೆನ್ನು ಮಾತ್ರ, ತೋಳು ಕರೆಯುತ್ತಿದ್ದದ್ದು ನನ್ನ ಕಿಟಕಿಯನ್ನು.

ಓದಿದವಳು ನೀನು, ನೀನೇ ಹೇಳು ಒತೀಲಿಯ, ನೀನು ಬರೆದದ್ದೇ ಪಟ್ಟಿ, ಎಂದು ಅತ್ತೆ. ಮೂವರೂ ನನ್ನ ಕಡೆಗೆ. ಎರಡನೆಯದು ಎನ್ನಬೇಕು, ಗೊತ್ತು, ನಾಲಿಗೆಗೂ ಗೊತ್ತು, ಆದರೆ ಶನಿವಾರ, ಆ ದೀಪಗಳು, ದೇಶವೆಲ್ಲ ಉಸಿರು ಹಿಡಿದು ಕೂತಿರುವಾಗ ಜಸಿಂತಳ ಅಂಗಿ, ನಾನು ಪರದೆಯ ಹಿಂದೆ ಕೈಯಲ್ಲಿ ಬಾಚಣಿಗೆ — ಪೋರ್ತೊದ್ದು, ಅಂದೆ, ನನ್ನ ದನಿಯೇ ಅಲ್ಲ ಅದು, ಪೋರ್ತೊದ್ದೇ ಇರಲಿ ಅತ್ತೆ. ಅಬೀಲಿಯೊನ ಉಗುರು ತಂತಿಯ ಮೇಲೆ ನಿಂತಿತು. ಜಗಳವಾಡಲಿ, ಮುಖ ಊದಿಸಲಿ, ಒಂದು ಸಲ ಅವಳೂ ನನ್ನ ಹಾಗೆ ಸಣ್ಣವಳಾಗಲಿ ಎಂದು ಕಾದೆ — ಹೌದು ಫಿರ್ಮಿನಮ್ಮ, ಒತೀಲಿಯ ಸರಿಯಾಗೇ ಹೇಳಿದಳು, ಅಷ್ಟು ದೊಡ್ಡ ಸಭೇಲಿ ಒದ್ದೆ ಬಟ್ಟೆ ಯಾಕೆ, ನದೀನೇ ಇರಲಿ — ಜಸಿಂತ, ನಗುತ್ತ, ಮೇಜಿನ ಕೆಳಗೆ ನನ್ನ ಮೊಣಕಾಲು ಮೆಲ್ಲಗೆ ಒತ್ತಿ, ಬಿಟ್ಟುಕೊಡುವುದೂ ಅವಳಿಗೆ ಹೀಗೆ ಬರುತ್ತದೆ, ನನಗೆ ಕಿತ್ತುಕೊಳ್ಳಲೂ ನೆಟ್ಟಗೆ ಬರುವುದಿಲ್ಲ. ಅತ್ತೆ ನನ್ನನ್ನು ನೋಡಿದಳು, ಸ್ವಲ್ಪ ಹೆಚ್ಚೇ ಹೊತ್ತು, ಸರಿ ಹಾಗಾದ್ರೆ, ಆ ಗುಮಾಸ್ತನಿಗೊಂದು ಕಾಗದ ಬರಿ, ನಾಲ್ಕನೇ ಸಾಲಲ್ಲಿ ಒಂದು ಮಾತು ಕಮ್ಮಿ ಮಾಡಯ್ಯ ಅಂತ. ಬರೆದೆ, ಖಾಲಿ ಸಾಲಿನಲ್ಲಿ, ದಪ್ಪಗೆ, ನದಿ, ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ, ಆಯಿತು, ಗೆದ್ದೆ, ಅತ್ತೆ ಎದ್ದು ನಲ್ಲಿಯ ಹತ್ತಿರ ಹೋಗಿ ಬೆರಳಿನ ಅಂಟು ತೊಳೆಯುತ್ತ ಗುನುಗುತ್ತಾಳೆ, ಅದೇ ಧಾಟಿ, ನನ್ನದು, ನನ್ನದನ್ನೇ ಗುನುಗುತ್ತಿದ್ದಾಳೆ, ನದಿ ಎನ್ನು ಅತ್ತೆ, ಈಗ ದೋಣಿ ಬರಬೇಕು, ನೀರಿನ ಸದ್ದು, ಗುನುಗಿಗೆ ಮಾತು ಕೂಡುತ್ತಿದೆ, ಒಂದು ಕ್ಲಿಪ್ಪು ಬಿದ್ದು, ಗಾಳಿ ಬಂದು, ತೋಳು — ಕಿಟಕಿಯಾಚೆ ಅದು ಅಲ್ಲೇ ಇದೆ, ಮೇಲೆದ್ದಿದೆ, ಬಿಳಿ ತೋಳು, ಕರೆಯುತ್ತಿದೆ, ಆ ತೋಳು, ಆ ತೋಳು