ಹತ್ತು ಫೂಟಿನ ಸಂಡಾಸು

"ಹೆಬ್ಬೆಟ್ಟು ಒತ್ತುವ ಬೇವರ್ಸಿ ನೀನು, ನನ್ನ ನಕ್ಷೆ ತಪ್ಪು ಅಂತೀಯಾ?"

ಜೋಗೇಶ್ವರಿಯ ನಮ್ಮ ಸೈಟಿನಲ್ಲಿ ಎಂಜಿನಿಯರ್ ರಮಾನಾಥ ಹೀಗೆ ಕಿರುಚುತ್ತಿದ್ದದ್ದು ಗುರುಬಾಯಿಯ ಮೇಲೆ. ಗೌಂಡಿಯಾಗಿದ್ದ ಗಂಡ ಸತ್ತ ಮೇಲೆ ಅವನ ಕರಣಿ ಹಿಡಿದು ಗೋಡೆ ಕಟ್ಟುವವಳು ಅವಳು. ಕಟ್ಟಬೇಕಾಗಿದ್ದದ್ದು ನಮ್ಮದೇ ಸಂಡಾಸು. ಈ ಬಿಲ್ಡಿಂಗಿನಲ್ಲಿ ಮನೆಗೆ ಮೂರು ಸಂಡಾಸು. ಅವಕ್ಕೆ ಇಟ್ಟಂಗಿ ಹೊರುವ ನಾವು ಹನ್ನೊಂದು ಹೆಂಗಸರು ಮಾತ್ರ ರೈಲು ಹಳಿಯ ಪಕ್ಕಕ್ಕೆ ಹೋಗಬೇಕು. ಲೋಕಲ್ ಬಂದಾಗಲೆಲ್ಲ ಸೀರೆ ಇಳಿಸಿ ಎದ್ದು ನಿಲ್ಲಬೇಕು. ಥೂ, ಅದೂ ಒಂದು ಬಾಳೇ! ಸೋಮವಾರ ಸರಕಾರಿ ಸಾಹೇಬರು ತಪಾಸಣೆಗೆ ಬರುತ್ತಾರೆಂದು ತಿಳಿದ ಮೇಲೆಯೇ ರಮಾನಾಥನಿಗೆ ನಮ್ಮ ನೆನಪಾಗಿದ್ದು.

ಅವನ ನಕ್ಷೆಯಲ್ಲಿ ಕಂಪೌಂಡ್ ಗೋಡೆಗೆ ಹತ್ತಿದಂತೆ ಮೂರು ಮೂಲೆಯ ಕೋಣೆ. ಕಂಪೌಂಡೇ ಒಂದು ಬದಿ, ಹತ್ತು ಫೂಟು. ಉಳಿದೆರಡು ಬದಿ ನಾಲ್ಕು ಮತ್ತು ಐದು. ಸಹಿ, ಸೀಲು ಎಲ್ಲ ಬಿದ್ದಿತ್ತು.

ಗುರುಬಾಯಿ ನಾಲ್ಕು ಫೂಟಿನದೊಂದು, ಐದು ಫೂಟಿನದೊಂದು ಹಗ್ಗ ಅಳೆದು, ಹತ್ತು ಫೂಟಿನ ಆ ತುದಿಗೊಂದು ಈ ತುದಿಗೊಂದು ಕಟ್ಟಿ ಎಳೆದು ತೋರಿಸಿದಳು.

"ನೋಡ್ರಿ ಸಾಹೇಬ್ರ, ನಾಕು ಐದು ಕೂಡಿದ್ರ ಒಂಬತ್ತು. ಹೆಂಗ ಜಗ್ಗಿದ್ರೂ ಒಂದಕ್ಕೊಂದು ಮುಟ್ಟೂದಿಲ್ಲ. ಮೂರನೇ ಮೂಲಿ ಎಲ್ಲಿಂದ ಬರ್ತೈತಿ? ಏಳು ಏಳು ಮಾಡ್ರಿ, ಕುಂಡ್ರಾಕರ ಜಾಗಾ ಆಗ್ತೈತಿ."

"ಎಂಜಿನಿಯರ್ ನಾನಾ, ನೀನಾ? ಸಹಿ ಆಗಿ ಆಯ್ತು ಮಾರಾಯ್ತಿ. ನಕ್ಷೆಯಲ್ಲಿ ಇದ್ದ ಹಾಗೆ ಕಟ್ಟು. ಒಂದಿಂಚು ಆಚೀಚೆ ಆದ್ರೆ ನಾಳೆಯಿಂದ ಸೈಟಿಗೆ ಬರ್ಬೇಡ."

ಅಷ್ಟು ಹೇಳಿ ದಾದರಿನ ಆಫೀಸಿಗೆ ಹೊರಟೇಹೋದ. ಗುರುಬಾಯಿ ಸೆರಗು ಬಿಗಿದಳು.

"ಭಾಡ್ಯಾನ ಕಾಗದ ಹೆಂಗ ಹೇಳ್ತೈತೋ ಹಂಗ. ಇಟ್ಟಂಗಿ ತರ್ರೆವಾ."

ಸೋಮವಾರ ರಮಾನಾಥ ಆ ಸರಕಾರಿ ಸಾಹೇಬರನ್ನು ಕರೆದುಕೊಂಡೇ ಬಂದ. ಕಂಪೌಂಡಿಗೆ ಬೆನ್ನು ಅಂಟಿಸಿಕೊಂಡು ನಾಲ್ಕು ಫೂಟು ಉದ್ದದ್ದೊಂದು, ಐದು ಫೂಟು ಉದ್ದದ್ದೊಂದು ಗೋಡೆ ಒಂದೇ ಸಾಲಿನಲ್ಲಿ ನಿಂತಿದ್ದವು. ನಡುವೆ ಒಂದು ಫೂಟು ಸಂದಿ; ಸಂದಿಯ ಹಿಂದೆ ಅದೇ ಕಂಪೌಂಡು. ಇರುವೆ ಕೂರಲೂ ಒಳಗೆ ಜಾಗವಿಲ್ಲ. ಪ್ಲಾಸ್ಟರು ಮಾತ್ರ ಏನು ನುಣುಪು ಅಂತೀರಿ! ರಮಾನಾಥನೇ ಬರೆಸಿಟ್ಟಿದ್ದ 'ಮಹಿಳಾ ಶೌಚಾಲಯ' ಬೋರ್ಡನ್ನು ಸಂದಿಯ ಮೇಲೆ ಹೊಡೆದಿದ್ದೆವು.

ಸಾಹೇಬರು ಟೇಪು ಹಿಡಿದರು. ನಾಲ್ಕು. ಐದು. ಹತ್ತು. ಎಲ್ಲ ನಕ್ಷೆಯಂತೆಯೇ ಇತ್ತು.

"ಪಣ ಸಂಡಾಸ್ ಕುಠೇ?" ಸಂಡಾಸು ಎಲ್ಲಿ ಎಂದು ಅವರು ಮರಾಠಿಯಲ್ಲಿ ಕೇಳಿದರು.

ಗುರುಬಾಯಿ ಮುಂದೆ ಬಂದು, ನೀರು ತುಂಬಿದ ತಂಬಿಗೆಯನ್ನು ರಮಾನಾಥನ ಕೈಗಿಟ್ಟಳು.

"ನಕ್ಷಾ ನಿಮ್ದರಿ ಸಾಹೇಬ್ರ. ಮೊದಲ ನೀವ ಹೋಗಿ ಬರ್ರಿ. ನಾವು ಪಾಳಿ ಹಚ್ಚೇವಿ."

ಅವಳ ಹಿಂದೆ ನಾವು ಹತ್ತೂ ಜನ ತಂಬಿಗೆ ಹಿಡಿದು ಸಾಲಾಗಿದ್ದೆವು. ಆಚೆ ಹಳಿಯ ಮೇಲೆ ಲೋಕಲ್ ಬಂತು. ನಾವು ನಿಂತೇ ಇದ್ದೆವು.