ನನ್ನನ್ನೇ ಕಂಡೆ

ಅಚ್ಚಿಗೆ ಹೊರಟ ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಕೊನೆಯ ಸಾಲನ್ನು ಅವಳು ಮತ್ತೊಮ್ಮೆ ಓದಿದಳು. ‘ಬೆರಳಚ್ಚು: ಕಚೇರಿ ಸಿಬ್ಬಂದಿ.’ ಆರು ವರ್ಷ ಕಣ್ಣು ಸವೆಸಿದ್ದಕ್ಕೆ ಸಿಕ್ಕ ಬಿರುದು ಅದು.

‘ವಾರದ ಓದು’ ಎಂಬ ಇಮೇಲ್ ಪತ್ರ ಪ್ರತಿ ಶುಕ್ರವಾರ ಬೆಳಿಗ್ಗೆ ನಲವತ್ತು ಸಾವಿರ ಜನರಿಗೆ ಹೋಗುತ್ತಿತ್ತು. ವ್ಯಾಪಾರ, ಕಲೆ, ಮಾಧ್ಯಮ ಎಂದು ಲೋಕದಲ್ಲಿ ಯಾರು ಏನೇ ಬರೆದರೂ ಜರಡಿ ಹಿಡಿದು, ಏಳು ಬರಹ ಆರಿಸಿ, ಒಂದೊಂದಕ್ಕೂ ನಾಲ್ಕು ಸಾಲಿನ ಟಿಪ್ಪಣಿ ಬರೆಯುವವಳು ಇವಳು. ಕೆಳಗಿನ ಸಹಿ ಮಾತ್ರ ಸಂಪಾದಕರದು. ಅಟ್ಟವಳು ಒಬ್ಬಳು, ಉಂಡವರು ಇನ್ನೊಬ್ಬರು. ಈಗ ಆ ಟಿಪ್ಪಣಿಗಳೆಲ್ಲ ಸೇರಿ ಪುಸ್ತಕವಾಗುತ್ತಿದ್ದವು, ಅದೂ ಅವರ ಹೆಸರಿನಲ್ಲೇ.

“ಹೋಗಿ ಕೇಳೇ,” ಎಂದಿದ್ದಳು ಅಕ್ಕ ಫೋನಿನಲ್ಲಿ. “ಬಾಯಿ ಇದ್ದವರು ಬರಗಾಲದಲ್ಲೂ ಬದುಕ್ತಾರೆ.”

ಕೇಳಿದಳು. ಸಂಪಾದಕರು ನಕ್ಕರು. “ಆರಿಸಿ ಕೊಡೋದು ಯಾರು ಬೇಕಾದ್ರೂ ಮಾಡ್ತಾರಮ್ಮ. ಪತ್ರಕ್ಕೆ ಜೀವ ಬರೋದು ನಂದು ಅಂತ ಇರುತ್ತಲ್ಲ, ಆ ಒಂದು ಸಾಲಿಂದ.”

ಆ ಒಂದು ಸಾಲಿನ ಬಂಡವಾಳ ಅವಳಿಗೆ ಗೊತ್ತಿತ್ತು. ಗುರುವಾರ ಸಂಜೆ ಅವರು ಏಳು ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ, ಹಿಡಿಸಿದ ಒಂದರ ಕೆಳಗೆ ಬರೆಯುತ್ತಿದ್ದರು: ‘ಇದರಲ್ಲಿ ನಾನು ನನ್ನನ್ನೇ ಕಂಡೆ.’ ಒಳಗೇನಿದೆ ಎಂದು ಒಂದು ದಿನವೂ ಇಣುಕಿದವರಲ್ಲ. ‘ಮೊದಲ ಮೂರು ತಿಂಗಳು’ ಎಂಬ ಬರಹದಲ್ಲಿ ತಮ್ಮನ್ನು ಕಂಡಿದ್ದರು. ಅದು ಬಸುರಿ ಹೆಂಗಸರ ಉದ್ಯೋಗದ ಕುರಿತಾದದ್ದು. ಅಂಥವನ್ನೆಲ್ಲ ಅವಳೇ ಸದ್ದಿಲ್ಲದೆ ಅಳಿಸಿ, ಬೇರೆ ಬರಹದ ಕೆಳಗೆ ಅಂಟಿಸಿ, ಅವರ ಮಾನ ಕಾಯುತ್ತಿದ್ದಳು.

ಆ ಗುರುವಾರ ಅವಳು ಮೂರು ತಿಂಗಳಿಂದ ಎತ್ತಿಟ್ಟಿದ್ದ ಬರಹವೊಂದನ್ನು ಮೊದಲಿಗೇ ಹಾಕಿದಳು. ಶೀರ್ಷಿಕೆ: ‘ಸಂಪಾದಕನ ಕೈಗುಣ’. ಟಿಪ್ಪಣಿಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ‘ಕಿರಿಯರು ಬರೆದದ್ದನ್ನು ಜೀವಮಾನವಿಡೀ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ ಒಬ್ಬನ ಕಥೆ.’ ಇಷ್ಟು ಓದಿದರೂ ಸಾಕು, ಬಚಾವಾಗುತ್ತಾರೆ ಎಂದುಕೊಂಡಳು. ಓದದಿರಲಿ ಎಂದೂ ಮನಸಾರೆ ಬಯಸಿದಳು.

ಆರು ಗಂಟೆಗೆ ಪತ್ರ ವಾಪಸ್ಸು ಬಂತು. ಮೊದಲ ಬರಹದ ಕೆಳಗೇ ಇತ್ತು ಆ ಸಾಲು.

ಅಭ್ಯಾಸಬಲದಿಂದ ಬೆರಳು ಅಳಿಸುವ ಕೀಲಿಯ ಮೇಲೆ ಹೋಯಿತು. ಅವಳು ಬೆರಳನ್ನು ಹಿಂದಕ್ಕೆ ತೆಗೆದಳು. ಉಪ್ಪು ತಿಂದವರು ನೀರು ಕುಡಿಯಲಿ.

ಮರುದಿನ ಹತ್ತು ಗಂಟೆಯೊಳಗೆ ಓದುಗರಿಂದ ಮುನ್ನೂರು ಉತ್ತರಗಳು ಬಂದಿದ್ದವು. ‘ತಪ್ಪು ಒಪ್ಪಿಕೊಳ್ಳಲು ಗುಂಡಿಗೆ ಬೇಕು’ ಎಂದು ಒಬ್ಬರು ಬೆನ್ನು ತಟ್ಟಿದ್ದರು. ಹಾಗಾದರೆ ಪುಸ್ತಕ ಬರೆದವರು ಯಾರು, ಅದು ತಿಳಿಯುವವರೆಗೆ ಅಚ್ಚು ಬೇಡ ಎಂದು ಪ್ರಕಾಶಕರು ಫೋನಿಟ್ಟಿದ್ದರು. ಆರು ವರ್ಷದಲ್ಲಿ ಮೊದಲ ಸಲ ಸಂಪಾದಕರು ಅವಳ ಮೇಜಿನವರೆಗೆ ತಾವೇ ನಡೆದು ಬಂದರು.

“ಏನಿದೆಯಮ್ಮ ಅದರಲ್ಲಿ?”

“ನೀವು ಓದಿದ್ದೀರಲ್ಲ ಸರ್.”

“ಕಳಿಸೋ ಮುಂಚೆ ಒಂದು ಮಾತು ಹೇಳಬಾರದಿತ್ತಾ?”

“ನಂದು ಬರೀ ಬೆರಳಚ್ಚು, ಸರ್.”

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಮುಖದಲ್ಲಿ ತೋರಿಸಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಟ್ಟು, ಪರದೆಯನ್ನು ಅವರತ್ತ ತಿರುಗಿಸಿ, ಬರಹವನ್ನು ತೆರೆದಳು. ಹದಿನಾಲ್ಕು ಪುಟ. ಅವರು ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ ಮೊದಲ ಸಾಲಿನಿಂದ ಓದತೊಡಗಿದರು. ಎರಡನೇ ಪ್ಯಾರಾದಲ್ಲಿ ತಡವರಿಸಿ ಕಣ್ಣು ಕಿರಿದು ಮಾಡಿದರು.

ಅವಳು ಕೈ ಚಾಚಿ ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟಳು.