ಆಗಿಬರದ ಸೂಜಿ

"ಅಲರ್ಜಿ ಏನಾದ್ರೂ ಇದೆಯಾ ಅಮ್ಮಾ? ಔಷಧಿಗೆ, ಇಂಜೆಕ್ಷನ್‌ಗೆ?"

"ಇಲ್ಲ."

ಕೌಂಟರಿನ ಹುಡುಗಿ ತಲೆಯೆತ್ತಲಿಲ್ಲ. ದಾರಿಯುದ್ದಕ್ಕೂ ಬಾಯೊಳಗೇ ಹೇಳಿ ಹೇಳಿ ಹದ ಮಾಡಿಕೊಂಡಿದ್ದ ಆ ಒಂದು ಮಾತು ಇಷ್ಟು ಸಲೀಸಾಗಿ ಹೊರಗೆ ಬಿದ್ದದ್ದು ಕಂಡು ಬಸ್ಸಜ್ಜಿಗೇ ಆಶ್ಚರ್ಯವಾಯಿತು.

"ಮೊಟ್ಟೆ ತಿಂದ್ರೆ ಏನಾದ್ರೂ ಆಗತ್ತಾ?"

"ಹೊಟ್ಟೆ ತುಂಬತ್ತೆ."

ಹುಡುಗಿ ಈಗ ತಲೆಯೆತ್ತಿ ನಕ್ಕಳು. ಫೋನ್ ನಂಬರ್ ಕೇಳಿದಳು. ಬಸ್ಸಜ್ಜಿ ಗಿಣಿಪಾಠ ಒಪ್ಪಿಸುವ ಹಾಗೆ ನಂಬರ್ ಹೇಳಿ, ಗೋಡೆಗೆ ಒತ್ತಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದರ ಮೇಲೆ ಕೂತಳು.

ಅವಳು ಶಾಲಾ ಬಸ್ಸಿನ ಆಯಾ. ಮಕ್ಕಳನ್ನು ಕೈಹಿಡಿದು ಹತ್ತಿಸುವುದು, ಇಳಿಸುವುದು, ನಡುವೆ ಅವುಗಳ ಮೂಗು ಒರೆಸುವುದು ಅವಳ ಕೆಲಸ. ಬಸ್ಸಜ್ಜಿ ಎಂಬ ಹೆಸರು ಇಟ್ಟದ್ದೂ ಆ ಮಕ್ಕಳೇ. ಚಳಿಗಾಲದಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ಮಗು ಸೀನಿದರೆ ವಾರ ಕಳೆಯುವುದರೊಳಗೆ ಡ್ರೈವರನೂ ಸೀನುತ್ತಿದ್ದ. ಇಷ್ಟು ವರ್ಷ ಅದೊಂದು ನಗೆಯ ಮಾತಾಗಿತ್ತು. ಮೊಮ್ಮಗಳಿಗೆ ಕಿಡ್ನಿ ಹಾಕಿದ ಮೇಲೆ ಆ ನಗು ನಿಂತುಹೋಯಿತು.

ಮೊಮ್ಮಗಳಿಗೆ ಆರು ವರ್ಷ. ಕಿಡ್ನಿ ಕೊಟ್ಟವಳು ಬಸ್ಸಜ್ಜಿಯ ಮಗಳು. ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಿರಲಿ ಎಂದು ಕೊಡುವ ಮಾತ್ರೆಗಳು ಮಗುವಿನ ಮೈಯಲ್ಲಿದ್ದ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ, ಬೇರೆಯವರನ್ನು ನಾಲ್ಕು ದಿನ ಮಲಗಿಸುವ ಫ್ಲೂ ಇವಳ ಜೀವಕ್ಕೇ ಎರವಾಗಬಹುದು ಎಂದು ಆಸ್ಪತ್ರೆಯ ದೊಡ್ಡ ಡಾಕ್ಟರು ಬಿಡಿಸಿ ಹೇಳಿದ್ದರು. ಮನೆಯಲ್ಲಿರುವವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು. ಅದು ಮೈಗೆ ಹತ್ತುವುದಕ್ಕೆ ಎರಡು ವಾರ ಬೇಕು, ಆದ್ದರಿಂದ ಮಗು ಮನೆಗೆ ಬರುವ ಮೊದಲೇ ಆ ಕೆಲಸ ಮುಗಿದಿರಬೇಕು. ಹಾಕಿಸಿಕೊಳ್ಳಲಾಗದವರು ಈ ಚಳಿಗಾಲ ಕಳೆಯುವ ತನಕ ಬೇರೆ ಕಡೆ ಇದ್ದರೆ ಒಳ್ಳೆಯದು.

ಮನೆಯಲ್ಲಿರುವವರೆಲ್ಲ ಎಂದರೆ ಇನ್ನು ಯಾರು? ಮಗಳು ಮತ್ತು ಬಸ್ಸಜ್ಜಿ. ಮಗಳು ಆಸ್ಪತ್ರೆಯಲ್ಲೇ ಹಾಕಿಸಿಕೊಂಡಾಗಿತ್ತು. ಅಳಿಯ ಮಗುವಿನ ಕಾಯಿಲೆ ಗೊತ್ತಾದ ವರ್ಷವೇ ದೂರದ ಊರಿಗೆ ಕೆಲಸ ಹುಡುಕಿಕೊಂಡು ಹೋದವನು, ಕೆಲಸದ ಜೊತೆಗೆ ಇನ್ನೊಂದು ಸಂಸಾರವನ್ನೂ ಹುಡುಕಿಕೊಂಡಿದ್ದ. ಮಗಳ ಹೊಟ್ಟೆಯ ಹೊಲಿಗೆ ಇನ್ನೂ ಪೂರ್ತಿ ಮಾಗಿರಲಿಲ್ಲ. ಒಂದು ಬಕೆಟ್ ನೀರು ಎತ್ತುವಂತಿಲ್ಲ, ಮಗುವನ್ನು ಎತ್ತಿಕೊಳ್ಳುವಂತಿಲ್ಲ. ಬಸ್ಸಜ್ಜಿ ಇಲ್ಲದೆ ಆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಎರಡು ವಾರದ ಲೆಕ್ಕ ಹಿಡಿದರೆ ಇವತ್ತೇ ಕೊನೆಯ ದಿನ.

ಆದರೆ ಬಸ್ಸಜ್ಜಿಗೆ ಸೂಜಿ ಆಗಿಬರುವುದಿಲ್ಲ. ಮನೆಯಲ್ಲಿ ಇದು ಎಲ್ಲರೂ ಒಪ್ಪಿಕೊಂಡ ಸಂಗತಿ, ಕೆಲವರಿಗೆ ಬದನೆಕಾಯಿ ಆಗಿಬರದ ಹಾಗೆ. ಮಗಳು ಇನ್ನೂ ಮೂರನೇ ಕ್ಲಾಸಿನಲ್ಲಿದ್ದಾಗ ಬಸ್ಸಜ್ಜಿಗೆ ಜ್ವರ ಬಂದು ಬೀದಿ ಕೊನೆಯ ಡಾಕ್ಟರ ಶಾಪಿಗೆ ಹೋಗಿದ್ದಳು. ಕಾಂಪೌಂಡರು ಇಂಜೆಕ್ಷನ್ ಕೊಟ್ಟರು. ಹೊಸ್ತಿಲು ದಾಟುವ ಮೊದಲೇ ತುಟಿ ಊದಿತು, ಮೈಯೆಲ್ಲ ದದ್ದು ಎದ್ದಿತು, ಗಂಟಲು ಯಾರೋ ಹಿಚುಕಿದಂತೆ ಮುಚ್ಚಿಕೊಂಡಿತು. ಬೆಂಚಿನ ಮೇಲೆ ಮಲಗಿಸಿ ಇನ್ನೇನೋ ಚುಚ್ಚಿ ಬದುಕಿಸಿದರು. ಮೊದಲು ಕೊಟ್ಟದ್ದು ಯಾವ ಇಂಜೆಕ್ಷನ್ ಎಂದು ಆಗ ಯಾರೂ ಕೇಳಲಿಲ್ಲ. ಬದುಕಿದಳಲ್ಲ ಎಂಬ ಸಂತೋಷದಲ್ಲಿ ಕೇಳಬೇಕೆಂದು ತೋಚಲೂ ಇಲ್ಲ. "ಇವಳಿಗೆ ಸೂಜಿ ಆಗಿಬರಲ್ಲ" ಎಂದು ಗಂಡ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ. ಅವತ್ತಿನಿಂದ ಬಸ್ಸಜ್ಜಿ ಏನೇ ಬಂದರೂ ಮಾತ್ರೆಯಲ್ಲೇ ಕಳೆದಳು. ಈಗ ಆ ಡಾಕ್ಟರೂ ಇಲ್ಲ, ಕಾಂಪೌಂಡರೂ ಇಲ್ಲ, ಗಂಡನೂ ಇಲ್ಲ.

ಇದನ್ನೆಲ್ಲ ಅವಳು ಮೊದಲು ಹೋದ ಕ್ಲಿನಿಕ್ಕಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಕೇಳಿ ನರ್ಸ್ ಎರಡು ಹೆಜ್ಜೆ ಹಿಂದೆ ಸರಿದಳು. ಎರಡನೆಯ ಕಡೆ ಡಾಕ್ಟರು, "ಯಾವ ಇಂಜೆಕ್ಷನ್ ಅಂತ ಗೊತ್ತಿಲ್ಲದೆ ನಾನು ಮುಟ್ಟಲ್ಲ. ಅಲರ್ಜಿ ಡಾಕ್ಟರ ಹತ್ರ ಬರೆಸಿಕೊಂಡು ಬನ್ನಿ" ಎಂದರು. ಅಲರ್ಜಿ ಡಾಕ್ಟರನ್ನು ನೋಡಲು ಸಿಕ್ಕ ತಾರೀಕು ಚಳಿಗಾಲ ಮುಗಿದ ಮೇಲಿನದು. ಅಲ್ಲಿನ ಕೌಂಟರಿನವನ ಮುಂದೆ ಬಸ್ಸಜ್ಜಿ ಕೈಮುಗಿದು ಅತ್ತಳು. ಅವನಿಗೂ ಪಾಪ ಅನ್ನಿಸಿತು, ಆದರೆ ಪಾಪ ಅನ್ನಿಸಿದ ಮಾತ್ರಕ್ಕೆ ತಾರೀಕು ಹಿಂದೆ ಬರಲಿಲ್ಲ. ನಿಜ ಹೇಳಿದರೆ ಕೆಲಸ ಕೆಡುತ್ತದೆ ಎಂಬುದು ಅವಳಿಗೆ ಖಾತ್ರಿಯಾದದ್ದು ಆಗ. ಮಗಳಿಗೆ ಮಾತ್ರ, "ಡಾಕ್ಟರು ನೋಡಿದ್ರು, ಏನೂ ತೊಂದ್ರೆ ಇಲ್ಲ ಅಂದ್ರು" ಎಂದು ಹೇಳಿಬಿಟ್ಟಿದ್ದಳು.

ಸತ್ತರೆ ಏನು ಗತಿ ಎಂದು ಯೋಚಿಸಲಿಲ್ಲವೆಂದಲ್ಲ. ಯೋಚಿಸಿದಳು. ಆಗಲೂ ಚುಚ್ಚಿಸಿಕೊಂಡು ಬದುಕಿದ್ದೆನಲ್ಲ, ಈಗಲೂ ಬದುಕಿದರೆ ಆಯಿತು ಎಂದುಕೊಂಡಳು. ಬದುಕದಿದ್ದರೆ ಎಂಬ ಮಾತು ಬಂದಾಗಲೆಲ್ಲ ಬುದ್ಧಿ ತಾನೇ ಪಕ್ಕಕ್ಕೆ ಹೊರಳಿಕೊಳ್ಳುತ್ತಿತ್ತು. ಬೇರೆ ಕಡೆ ಹೋಗಿ ಇದ್ದುಕೊಂಡು, ಇಲ್ಲಿ ಮಗಳು ಬಗ್ಗಿ ಬಕೆಟ್ ಎತ್ತುವುದನ್ನು ನೆನೆಸಿಕೊಳ್ಳುವುದು ಮಾತ್ರ ಅವಳಿಂದ ಆಗುತ್ತಿರಲಿಲ್ಲ.

ಮುಕ್ಕಾಲು ಗಂಟೆ ಕಾದ ಮೇಲೆ ಒಳಗಿನಿಂದ ಕರೆ ಬಂತು. ನೀಲಿ ಪರದೆ ಸರಿಸಿ ಹೋದಳು. ನರ್ಸ್ ರವಿಕೆಯ ತೋಳು ಮೇಲಕ್ಕೆ ಮಡಿಸಲು ಹೇಳಿ, ಸ್ಪಿರಿಟ್ಟಿನ ಹತ್ತಿಯಿಂದ ಉಜ್ಜಿದಳು. ಉಜ್ಜಿದ ಜಾಗ ತಣ್ಣಗಾಯಿತು. ಬಸ್ಸಜ್ಜಿ ಗೋಡೆಯ ಮೇಲಿನ ಗಡಿಯಾರದ ಮೇಲೇ ಕಣ್ಣು ನೆಟ್ಟಳು.

"ಭಯಾನಾ ಅಮ್ಮಾ?"

"ಬೇಗ ಹಾಕ್ಬಿಡು ತಾಯಿ."

ಅಷ್ಟರಲ್ಲಿ ಪರದೆಯ ಆಚೆ ಕೌಂಟರಿನ ಹುಡುಗಿ, "ಮೇಡಂ, ಹಾಗೆಲ್ಲ ಒಳಗೆ ಹೋಗ್ಬಾರ್ದು" ಎನ್ನುವುದು ಕೇಳಿಸಿತು. ಪರದೆ ಸರಿಯಿತು. ಮಗಳು ನಿಂತಿದ್ದಳು. ಒಂದು ಕೈ ಹೊಟ್ಟೆಯ ಹೊಲಿಗೆಯ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ಮೆಟ್ಟಿಲು ಹತ್ತಿದ ಆಯಾಸಕ್ಕೆ ಮಾತೇ ಹೊರಡುತ್ತಿರಲಿಲ್ಲ.

"ಇದೆ ಸಿಸ್ಟರ್," ಎಂದಳು ಕೊನೆಗೆ. "ಅಮ್ಮಂಗೆ ಅಲರ್ಜಿ ಇದೆ. ಹಾಕ್ಬೇಡಿ."

ನರ್ಸಿನ ಕೈ ಅಲ್ಲೇ ನಿಂತಿತು. ಬಸ್ಸಜ್ಜಿಗೆ ಕೆಟ್ಟ ಕೋಪ ಬಂತು.

"ನಿನ್ನ ಯಾರು ಬರಕ್ಕೆ ಹೇಳಿದ್ದು? ಮಗು ಹತ್ರ ಯಾರಿದಾರೆ?"

"ವಾರ್ಡಿನ ನರ್ಸಿಗೆ ಹೇಳಿ ಬಂದೆ. ನೀನು ನನ್ನ ನಂಬರ್ ಕೊಟ್ಟಿದೀಯ. ಹೆಸರು ಬರೆಸಿದೀರಿ, ಸರದಿಗೆ ಕಾಯಿರಿ ಅಂತ ನನಗೆ ಮೆಸೇಜ್ ಬಂತು. ಯಾವುದಿದು ಹೊಸ ಕ್ಲಿನಿಕ್ಕು ಅಂತ ಫೋನ್ ಮಾಡಿದ್ರೆ, ಅಲರ್ಜಿ ಏನೂ ಇಲ್ಲ ಅಂದಿದಾರೆ ಅಂತಾರೆ. ನಾನು ಇದೆ ಅನ್ನೋಷ್ಟರಲ್ಲಿ ಫೋನ್ ಇಟ್ಬಿಟ್ರು."

ಬಸ್ಸಜ್ಜಿ ಹಣೆ ಚಚ್ಚಿಕೊಂಡಳು. ಅವಳಿಗೆ ತನ್ನ ನಂಬರ್ ಯಾವತ್ತೂ ನೆನಪಿದ್ದದ್ದಿಲ್ಲ. ಗ್ಯಾಸಿನವನಿಗೂ ಶಾಲೆಯವರಿಗೂ ಎಲ್ಲಿ ಯಾರು ಕೇಳಿದರೂ ಬಾಯಿಗೆ ಬರುವುದು ಮಗಳ ನಂಬರೇ. ಸುಳ್ಳು ಹೇಳುವುದಕ್ಕೆ ಅಷ್ಟೊಂದು ತಯಾರಿ ಮಾಡಿಕೊಂಡವಳು ಇದನ್ನೇ ಮರೆತಿದ್ದಳು.

"ನಿನಗೆ ಏನಾದ್ರೂ ಆದ್ರೆ ನಾನು ಏನಮ್ಮ ಮಾಡ್ಲಿ?" ಮಗಳ ದನಿ ಒಡೆಯಿತು. "ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?"

"ಕಿಡ್ನಿ ಕೊಡೋವಾಗ ನೀನು ನನ್ನ ಕೇಳಿದ್ಯಾ?"

ನರ್ಸ್ ಸದ್ದಿಲ್ಲದೆ ಹೊರಗೆ ಹೋಗಿ ಡಾಕ್ಟರನ್ನು ಕರೆತಂದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದರು. ಬೈಯುತ್ತಾರೆಂದು ಬಸ್ಸಜ್ಜಿ ಕಾದಳು. ಅವರು ಸ್ಟೂಲು ಎಳೆದುಕೊಂಡು ಕೂತರು.

"ನೀವು ಇಲ್ಲ ಅಂದಿದ್ರಿ. ನಾವು ನಂಬಿದ್ವಿ," ಎಂದರು. "ಚುಚ್ಚಿಸಿಕೊಂಡು ಮೆಟ್ಟಿಲ ಮೇಲೆ ಬಿದ್ದಿದ್ರೆ, ಹೆದರಿ ತಲೆ ತಿರುಗಿದೆ ಅಂತ ಮುಖಕ್ಕೆ ನೀರು ಚಿಮುಕಿಸ್ತಾ ಕೂತಿರ್ತಿದ್ವಿ. ಬೇಕಾದ ಔಷಧಿ ಕೈಗೆ ತಗೊಳ್ಳೋ ಹೊತ್ತಿಗೆ ಮುಗಿದುಹೋಗಿರ್ತಿತ್ತು."

ಬಸ್ಸಜ್ಜಿ ನೆಲ ನೋಡಿದಳು. ನೀರು ಚಿಮುಕಿಸುವುದನ್ನು ಅವಳು ಎಣಿಸಿರಲಿಲ್ಲ.

"ಬೈಯ್ರಿ ಡಾಕ್ಟ್ರೇ. ಆದ್ರೆ ವಾಪಸ್ ಕಳಿಸ್ಬೇಡಿ. ನಿಮ್ಮ ಕಾಲು ಹಿಡ್ಕೋತೀನಿ. ನಂಗೆ ಹೋಗಕ್ಕೆ ಇನ್ನೊಂದು ಜಾಗ ಇಲ್ಲ."

"ಅವತ್ತು ಯಾತಕ್ಕೆ ಇಂಜೆಕ್ಷನ್ ಕೊಟ್ಟಿದ್ದು?"

"ಜ್ವರಕ್ಕೆ. ಅಷ್ಟೇ ಗೊತ್ತು."

"ಗಂಟಲು ನೋವಿಗೆ," ಎಂದಳು ಮಗಳು. ಎಲ್ಲರೂ ಅವಳ ಕಡೆ ತಿರುಗಿದರು. "ನಾನು ಜೊತೆಗಿದ್ದೆ. ಸಣ್ಣ ಬಾಟ್ಲಿ ಒಳಗೆ ಬಿಳಿ ಪುಡಿ ಇತ್ತು. ಕಾಂಪೌಂಡರು ಅದಕ್ಕೆ ನೀರು ಸೇರಿಸಿ ಕೈಯಲ್ಲಿ ಹೀಗೆ ಹೀಗೆ ಉಜ್ಜಿ ಕಲಕಿದ್ರು. ಖಾಲಿ ಬಾಟ್ಲಿ ಆಟಕ್ಕೆ ಕೊಡಿ ಅಂತ ನಾನು ಕಾಯ್ತಾ ನಿಂತಿದ್ದೆ." ಸ್ವಲ್ಪ ತಡೆದು, "ಅಮ್ಮ ಬಿದ್ದಾಗ ಅದು ನನ್ನ ಕೈಯಲ್ಲಿತ್ತು" ಎಂದಳು.

ಡಾಕ್ಟರು ಕೇಳುತ್ತ ಹೋದರು. ಆಮೇಲೆ ಯಾವ ಮಾತ್ರೆಗಾದರೂ ಹೀಗಾಗಿದೆಯೇ, ಜೇನು ಕಚ್ಚಿದಾಗ, ಏನಾದರೂ ತಿಂದಾಗ. ಫ್ಲೂ ಲಸಿಕೆ ಹಿಂದೆ ಯಾವತ್ತಾದರೂ ಹಾಕಿಸಿಕೊಂಡದ್ದುಂಟೇ. ಎಲ್ಲಕ್ಕೂ ಇಲ್ಲ ಎಂದೇ ಉತ್ತರ. ಪ್ರತಿ ಸಲ ಬಸ್ಸಜ್ಜಿ ಇಲ್ಲ ಎಂದಾಗಲೂ ಡಾಕ್ಟರು ಮಗಳ ಮುಖ ನೋಡಿ ಖಚಿತ ಮಾಡಿಕೊಳ್ಳುತ್ತಿದ್ದರು.

"ಗಂಟಲು ನೋವಿಗೆ ಪುಡಿ ಕಲಸಿ ಕೊಟ್ಟಿದ್ದು ಅಂದ್ರೆ ಪೆನಿಸಿಲಿನ್ ಜಾತಿದು ಇರಬೇಕು. ಅದು ಕೆಲವರಿಗೆ ಹೀಗೆ ಮಾಡತ್ತೆ. ಈ ಲಸಿಕೆಯಲ್ಲಿ ಅದಿಲ್ಲ. ನಿಮಗೆ ಆಗದೇ ಇದ್ದಿದ್ದು ಆ ಔಷಧಿ, ಸೂಜಿ ಅಲ್ಲ." ಡಾಕ್ಟರು ಕನ್ನಡಕ ಕೆಳಗಿಳಿಸಿಕೊಂಡರು. "ಆದ್ರೆ ಇರಬೇಕು ಅಂತಷ್ಟೇ ಹೇಳ್ತಿದೀನಿ. ಬಾಟ್ಲಿ ನಾನು ನೋಡಿಲ್ಲ. ಹಾಕಿದ್ರೆ ನನ್ನ ಕಣ್ಣೆದುರೇ ಕೂತಿರಬೇಕು, ಹೆಚ್ಚುಕಡಿಮೆ ಆದ್ರೆ ಕೊಡೋದನ್ನ ಪಕ್ಕದಲ್ಲೇ ಇಟ್ಕೋತೀವಿ. ನಾನು ಹಾಕಕ್ಕೆ ತಯಾರು. ನೀವಿಬ್ರೂ ಮಾತಾಡ್ಕೊಳ್ಳಿ."

ಮಾತಾಡುವುದಕ್ಕೆ ಏನೂ ಇರಲಿಲ್ಲ. ಬಸ್ಸಜ್ಜಿ ಮಗಳನ್ನು ನೋಡಿದಳು. ಮಗಳು ಬೇಡ ಎಂದರೆ ಮಗು ಬರುವ ಮೊದಲೇ ಬಸ್ಸಜ್ಜಿ ಬಟ್ಟೆ ಕಟ್ಟಿಕೊಂಡು ಹೊರಡಬೇಕು. ಹೂಂ ಎಂದರೆ, ಆಮೇಲೆ ಏನಾದರೂ ಆದಾಗ ಆ ಹೂಂ ಎಂದವಳು ಮಗಳೇ ಆಗಿರುತ್ತಾಳೆ. ಅವಳ ಕೈಲಿ ಅದನ್ನು ಹೇಳಿಸುವುದು ಪಾಪದ ಕೆಲಸ ಎಂದು ಬಸ್ಸಜ್ಜಿಗೆ ಅನ್ನಿಸಿತು. ಡಾಕ್ಟರ ಕಡೆ ತಿರುಗಿ, ಜಾರಿದ್ದ ರವಿಕೆಯ ತೋಳನ್ನು ತಾನೇ ಮೇಲಕ್ಕೆ ಮಡಿಸಿದಳು.

"ಹಾಕಿ."

ಚುಚ್ಚಿದ್ದು ಗೊತ್ತೂ ಆಗಲಿಲ್ಲ. ಇಷ್ಟು ವರ್ಷ ಹೆದರಿದ್ದು ಇದಕ್ಕೇ ಏನು ಎನ್ನುವಷ್ಟು ಸಣ್ಣ ನೋವು.

ಅವಳನ್ನು ಡಾಕ್ಟರ ಮೇಜಿನ ಎದುರಿಗೇ ಕೂರಿಸಿದರು. ಪಕ್ಕದ ಟ್ರೇಯಲ್ಲಿ ಇನ್ನೊಂದು ಸಿರಿಂಜು ಮಲಗಿತ್ತು, ನರ್ಸ್ ಅದರ ಹತ್ತಿರದಿಂದ ಕದಲಲಿಲ್ಲ. ಮಗಳು ಕುರ್ಚಿಯನ್ನು ಎದುರಿಗೆ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಬಸ್ಸಜ್ಜಿ ತನ್ನ ಗಂಟಲಿನ ಮೇಲೇ ಗಮನ ಇಟ್ಟಳು. ಗಮನ ಇಟ್ಟಷ್ಟೂ ಅಲ್ಲಿ ಏನೋ ಇದ್ದಂತೆ, ಏನೋ ಕೆರೆದಂತೆ ಆಗತೊಡಗಿತು. ಇದು ಅದೇಯೋ, ಬರೀ ಹೆದರಿಕೆಯೋ ಅವಳಿಗೇ ತಿಳಿಯಲಿಲ್ಲ. ತಡೆದಳು. ಕಣ್ಣಲ್ಲಿ ನೀರು ಬರುವಷ್ಟು ತಡೆದಳು. ಕೊನೆಗೆ ಕೆಮ್ಮಿಬಿಟ್ಟಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ನರ್ಸ್ ಸಿರಿಂಜಿಗೆ ಕೈಹಾಕಿದಳು.

"ಏನಿಲ್ಲ," ಎಂದಳು ಬಸ್ಸಜ್ಜಿ. "ಏನೂ ಆಗ್ತಿಲ್ಲ ನಂಗೆ."

ಯಾರೂ ಹಿಂದೆ ಸರಿಯಲಿಲ್ಲ.

"ನಿಜವಾಗ್ಲೂ ಏನಿಲ್ಲ ಕಣೇ."

ಮಗಳು ಮುಂದಕ್ಕೆ ಬಾಗಿ, ಅಮ್ಮನ ಸೆರಗು ಸರಿಸಿ ಕುತ್ತಿಗೆಯ ಎರಡೂ ಬದಿ ನೋಡಿದಳು. ಕಿವಿಯ ಹಿಂದೆ ಬೆರಳಾಡಿಸಿದಳು. ತೋಳು ತಿರುಗಿಸಿ ಒಳಮೈ ನೋಡಿದಳು. ದದ್ದು ಎಲ್ಲೂ ಇರಲಿಲ್ಲ. ಆಮೇಲೆ ಫೋನಿನ ಬೆಳಕು ಹಾಕಿ, ಗಲ್ಲ ಹಿಡಿದು ಮುಖ ಮೇಲಕ್ಕೆತ್ತಿದಳು.

"ಆ ಮಾಡು. ನಾಲಿಗೆ ಹೊರಗೆ ಹಾಕು."

ಬಸ್ಸಜ್ಜಿ ಬಾಯಿ ಅಗಲಿಸಿ ನಾಲಿಗೆ ಚಾಚಿದಳು. ಮಗಳು ಸಾಕು ಎನ್ನಲಿಲ್ಲ, ಗಲ್ಲ ಹಿಡಿದ ಕೈಯನ್ನೂ ಬಿಡಲಿಲ್ಲ. ಬಸ್ಸಜ್ಜಿ ನಾಲಿಗೆ ಚಾಚಿಕೊಂಡೇ ಕೂತಿದ್ದಳು.